ಮಲಗಿದ್ದ ಮರದ ಕೆಳಗೆ

ಹೊರಗೆ ಗಟ್ಟಿಯಾಗಿ ಕಂಡು, ಒಳಗೆಲ್ಲ ಕೊಳೆತು ಪುಡಿಯಾದ ಮರಕ್ಕೆ ನಮ್ಮ ಕುಂದಾಪುರದ ಕಡೆ ಒಂದು ಪದವಿದೆ. ಲೊ... ಲ... ಛೆ, ನಾಲಿಗೆಯ ತುದಿಯಲ್ಲೇ ಇದೆ.

“ಟೊಳ್ಳಾ ಅಜ್ಜಿ?” ಎಂದಳು ಪಕ್ಕದಲ್ಲಿ ಕೂತು ದಿನಸಿ ಪಟ್ಟಿ ಬರೆಯುತ್ತಿದ್ದ ಮೊಮ್ಮಗಳು.

ಟೊಳ್ಳಲ್ಲ. ಹೋಗಲಿ, ಬರುವಾಗ ಬರುತ್ತದೆ. ಒಣಮರದ ಕೆಳಗೆ ಬಾಡಿಗೆಗಿದ್ದರೆ ತಲೆಯ ಮೇಲೆ ಏನಾದರೊಂದು ಬೀಳುತ್ತಲೇ ಇರುತ್ತದೆ. ಒಂದು ದಿನ ಕೊಂಬೆ, ಒಂದು ದಿನ ಮಾತು.

ಎಪ್ಪತ್ತರ ದಶಕದ ಕೊನೆ. ನಮ್ಮ ಯಜಮಾನರಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ, ದೊಡ್ಡನೆಕ್ಕುಂದಿಯಲ್ಲಿ ಬಾಡಿಗೆ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಗೆ ಶೀಟಿನ ಮಾಡು. ಶೀಟಿನ ಮೇಲಕ್ಕೆ ಬಾಗಿ ನಿಂತ ಒಣ ಮಾವಿನಮರ, ಶೀಟಿನ ಕೆಳಗೆ ನನ್ನ ಎಂಟು ತಿಂಗಳ ಮಗನ ತೊಟ್ಟಿಲು. ಅದನ್ನು ಕಟ್ಟಲು ಬೇರೆ ಜಾಗವೇ ಇರಲಿಲ್ಲ. ಗಾಳಿ ಬೀಸಿದಾಗಲೆಲ್ಲ ಒಲೆ ಬಿಟ್ಟು ತೊಟ್ಟಿಲಿಗೆ ಓಡುತ್ತಿದ್ದೆ.

ಹಸಿರು

ಮನೆ ಓನರ್ ಅದೇ ಊರಿನ ಹಳೇ ರೈತರು. ಮರ ಕಡಿಸಿ ಎಂದರೆ, “ಅದು ಸತ್ತಿಲ್ಲ ಕಣಮ್ಮ, ಮಲಗೈತೆ. ನಮ್ಮಪ್ಪ ಇಟ್ಟಿದ್ದು. ಒಂದು ಮಳೆ ಬರ್ಲಿ, ಎದ್ದು ಕುಂತ್ಕೊಂತದೆ” ಎನ್ನುತ್ತಿದ್ದರು.

“ಕೂರುವುದು ನಮ್ಮ ಅಡುಗೆಮನೆಯ ಮೇಲೆಯೇ” ಎಂದೆ.

ಮಳೆ ಬಂತು, ಹೋಯಿತು. ಮರ ಏಳಲಿಲ್ಲ. ಒಂದು ಬೆಳಿಗ್ಗೆ ಅವರನ್ನು ಬುಡಕ್ಕೆ ಕರೆತಂದು, “ಒಂದೇ ಒಂದು ಹಸಿರು ತೋರಿಸಿ, ತಿಂಗಳಿಡೀ ಬಾಯಿ ಮುಚ್ಚಿಕೊಂಡಿರುತ್ತೇನೆ” ಎಂದೆ. ಅವರು ಕತ್ತೆತ್ತಿ ಕೊಂಬೆ ಕೊಂಬೆಯನ್ನೂ ಹುಡುಕಿದರು. ಅಷ್ಟರಲ್ಲಿ ಮೇಲಿನ ಪೊಟರೆಯಿಂದ ಗಿಳಿಯೊಂದು ತಲೆ ಹೊರಗೆ ಹಾಕಿತು.

“ಅಗೋ ಅಮ್ಮಾ, ಹಸಿರು!” ಎಂದರು ಓನರ್. “ಚಿಗುರ್ತಾ ಐತೆ!”

ಕಾರ್ಖಾನೆಯ ತಪಾಸಣೆ

ಮಾತು ಕೊಟ್ಟಂತೆ ಒಂದು ತಿಂಗಳು ಸುಮ್ಮನಿದ್ದೆ. ಆಮೇಲೆ ಯಜಮಾನರು ತಮ್ಮ ಕಾರ್ಖಾನೆಯ ಸೇಫ್ಟಿ ಸೆಕ್ಷನ್ನಿನವರೊಬ್ಬರನ್ನು ಕರೆತಂದರು. ಅವರು ಸ್ಕೂಟರನ್ನು, ಎಲೆಯೇ ಇಲ್ಲದ ಮರದ ನೆರಳಿನಲ್ಲಿ ನಿಲ್ಲಿಸಿದರು. ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಮರ ಎಷ್ಟು ವಾಲಿದೆ ಎಂದು ನೋಡಿದರು.

“ಮೇಡಂ, ಅಪಾಯ ಹುಡುಕೋದೇ ನನ್ನ ಡ್ಯೂಟಿ. ಈ ಮರ ಇನ್ನು ಹತ್ತು ವರ್ಷ ಅಲ್ಲಾಡಲ್ಲ” ಎಂದು ಕಾಂಡಕ್ಕೆ ಫಟ್ ಎಂದು ಒಂದು ಏಟು ಕೊಟ್ಟರು.

ಮೇಲಿಂದ ಕೊಂಬೆ ಬಂತು. ನೇರ ಸ್ಕೂಟರಿನ ಸೀಟಿನ ಮೇಲೆ.

ಅವರು ಕೊಂಬೆಯನ್ನು ಎತ್ತಿ ಪಕ್ಕಕ್ಕಿಟ್ಟರು. ಸೀಟು ಒರೆಸುತ್ತಾ, “ನಾನು ಹೇಳಿದ್ದು ಮರದ ವಿಷಯ ಮೇಡಂ. ಕೊಂಬೆ ಬಗ್ಗೆ ಏನೂ ಹೇಳಿಲ್ಲ” ಎಂದರು. ಕಾಫಿಯನ್ನು ಮಾತ್ರ ರಸ್ತೆಯಲ್ಲೇ ನಿಂತು ಕುಡಿದರು.

ಬಯಕೆ

ಕೊಂಬೆ ಮುರಿದ ಮೇಲೆ ನನ್ನ ಹೆದರಿಕೆ ಹೆಚ್ಚಿತು. ಒಂದು ದಿನ ಕಾಂಡದ ಬಿರುಕಿಗೆ ಬೆರಳು ಹಾಕಿದೆ. ಹಿಟ್ಟಿನ ಹಾಗೆ ಪುಡಿ ಉದುರಿತು. ತಲೆ ತಿರುಗಿದಂತಾಗಿ ಮರಕ್ಕೇ ಒರಗಿ ನಿಂತೆ. ಓನರಮ್ಮ ಅದೇ ದಾರಿಯಲ್ಲಿ ಬಂದರು. “ಏನಮ್ಮಾ, ಇಂಗ್ ನಿಂತಿದೀಯ?” ಎಂದರು. ನಾನು ಊರಿನ ಮಾತಿನಲ್ಲೇ...

ಹಾಂ! ಬಂತು ನೋಡಿ ಪದ! ಲಡ್ಡು! ನಮ್ಮ ಕಡೆ ಒಳಗೆ ಕೊಳೆತ ಮರಕ್ಕೆ ಲಡ್ಡು ಎನ್ನುತ್ತೇವೆ. ನಾನು ಹೇಳಿದ್ದೂ ಅದನ್ನೇ: “ಅಕ್ಕಾ, ಲಡ್ಡು! ಪೂರಾ ಲಡ್ಡು! ನೆನೆಸಿಕೊಂಡರೆ ನಿದ್ದೆ ಬರೂದಿಲ್ಲ. ಇನ್ನು ತಡೆಯಲಿಕ್ಕೆ ಆಗೂದಿಲ್ಲ!”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಕ್ಕು, ಹೋದರು.

ಮೂರನೆಯ ದಿನ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದರು. ಹೂವು, ಹಸಿರು ಬಳೆ, ತಟ್ಟೆ ತುಂಬ ಲಡ್ಡು. “ಬಯ್ಕೆ ಇಟ್ಕೊಂಡು ಸುಮ್ಕಿರಬಾರ್ದು ಕಣಮ್ಮ. ಎಷ್ಟು ತಿಂಗಳು?”

ಅಷ್ಟರಲ್ಲಿ ಶಿಫ್ಟ್ ಮುಗಿಸಿ ಯಜಮಾನರು ಬಂದರು. ಬಳೆ ನೋಡಿದರು, ಲಡ್ಡು ನೋಡಿದರು, ನನ್ನನ್ನು ನೋಡಿದರು. “ನನಗೆ ಹೇಳುವುದು ಯಾವಾಗ?” ಎಂದರು.

ಎಲ್ಲರಿಗೂ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಆಗ ಹೆಂಗಸರ ಹಿಂದಿನಿಂದ ಓನರ್ ಬಂದರು, ಜೊತೆಗೆ ಕೊಡಲಿ, ಹಗ್ಗ ಹಿಡಿದ ಇಬ್ಬರು ಆಳುಗಳು. “ಬಸ್ರಿ ಎಂಗ್ಸು ಒಣಗಿದ ಮರದ ಕೆಳಗೆ ಓಡಾಡಬಾರ್ದು. ನಮ್ಮಪ್ಪನೇ ಇದ್ದಿದ್ರೂ ಇದೇ ಯೋಳ್ತಿದ್ದ. ಇವತ್ತೇ ಉರುಳಿಸ್ಬಿಡ್ತೀನಿ.”

ತೆರೆದ ಬಾಯಿಗೆ ಒಂದು ಲಡ್ಡು ಹಾಕಿಕೊಂಡೆ.

ಸಂಜೆಯೊಳಗೆ ಮರ, ಹಗ್ಗ ಎಳೆದಂತೆ ರಸ್ತೆಯ ಕಡೆಗೆ ಬಿತ್ತು. ಗಿಳಿಗಳು ಆಗಲೇ ಬೇರೆ ಮನೆ ನೋಡಿಕೊಂಡಿದ್ದವು. ಕಾಂಡ ಎರಡಾಗಿ ಒಡೆದರೆ ಒಳಗೆ ಬರೀ ಪುಡಿ. ಓನರ್ ಒಂದು ಹಿಡಿ ತೆಗೆದು ನೋಡಿದರು. ಅಡುಗೆಮನೆಯ ಶೀಟು ನೋಡಿದರು. ಬಾಗಿಲಿನಿಂದ ಕಾಣುತ್ತಿದ್ದ ತೊಟ್ಟಿಲು ನೋಡಿದರು. ದನಿಯೇ ಇಳಿದುಹೋಯಿತು.

“ಅಯ್ಯೋ ಶಿವನೇ, ಇಂಗಾಗಿತ್ತಾ? ಮೊದ್ಲೇ ಒಂದ್ ಮಾತು ಯೋಳಬಾರ್ದಾ ಅಮ್ಮ?”

“ಹೇಳಿದ್ದೆನಲ್ಲ,” ಎಂದೆ, “ಪೂರಾ ಲಡ್ಡು ಅಂತ.”

ಓನರಮ್ಮ ಖಾಲಿ ತಟ್ಟೆ ನೋಡಿದರು.

“ಪುಟ್ಟೀ, ಈ ಪದ ಬರೆದಿಡೇ, ಮತ್ತೆ ಮರೆತುಹೋದೀತು. ಲಡ್ಡು.”

ಮೊಮ್ಮಗಳು ಪಟ್ಟಿಯಿಂದ ತಲೆ ಎತ್ತಲಿಲ್ಲ. “ಅರ್ಧ ಕೆಜಿ ಸಾಕಾ, ಅಜ್ಜಿ?”