ಟೈಲರ್ ಮಾಸ್ತರರು ನೆಟ್ಟಗೆ ಇಳಿದದ್ದು

"ರೀ, ಸೂಜಿ ನೋಡ್ರೀ!"

ಹೆಂಡತಿ ಕೂಗಿದಾಗ ಟೈಲರ್ ಮಾಸ್ತರರ ಕಣ್ಣು ಅಂಗಡಿಯ ಬಾಗಿಲಾಚೆ, ಬೀದಿಯ ತುದಿಯ ದೀಪದ ಕಂಬದ ಮೇಲಿತ್ತು. ಹೊಲಿಗೆ ಮಿಷನ್ನು ಮಾತ್ರ ತನ್ನ ಪಾಡಿಗೆ ಕಡಕಡ ಓಡುತ್ತಿತ್ತು.

"ಹತ್ತಿರ ನೋಡಬಾರದು ಕಣೇ. ದೂರ ನೋಡಬೇಕು ಅಂತ ಕ್ಯಾಪ್ಟನ್ ಹೇಳಿದ್ದಾರೆ."

"ಅವರು ಹೇಳಿದ್ದು ವಿಮಾನಕ್ಕೆ. ನೀವು ಹೊಲೀತಿರೋದು ಅವರ ಪ್ಯಾಂಟು."

"ಅಭ್ಯಾಸ ಅಂದ್ಮೇಲೆ ಎಲ್ಲಾ ಕಡೆ ಇರಬೇಕು," ಎಂದು ಮಾಸ್ತರರು ದಾರ ಕತ್ತರಿಸಿ, ಪ್ಯಾಂಟಿಗೆ ಇಸ್ತ್ರಿ ಹಾಕಿ ಮಡಿಸಿದರು.

ಊರಾಚೆಯ ವಿಮಾನ ತರಬೇತಿ ಶಾಲೆಗೆ ಅವರೇ ಸಮವಸ್ತ್ರ ಹೊಲಿಯುವವರು. ಒಂದು ದಿನ ಕ್ಯಾಪ್ಟನ್ ಪ್ರೀತಿಯಿಂದ ಅವರನ್ನು ಪುಟ್ಟ ವಿಮಾನದಲ್ಲಿ ಒಂದು ಸುತ್ತು ಹಾರಿಸಿದ್ದೇ ನೆಪ, ಹುಚ್ಚು ಹಿಡಿಯಿತು. ಏರುವುದು ಬಂತು, ತಿರುಗುವುದು ಬಂತು. ನೆಟ್ಟಗೆ ಇಳಿಯುವುದೊಂದು ಬರಲಿಲ್ಲ. ರನ್‌ವೇಯ ನಡುವಿನ ಬಿಳಿ ಗೆರೆ ಕಂಡರೆ ಸಾಕು, ಸ್ನಾನಕ್ಕೆ ಕರೆದ ಮಗುವಿನ ಹಾಗೆ ಅವರ ವಿಮಾನ ಎಡಕ್ಕೆ ಓಟ ಕೀಳುತ್ತಿತ್ತು.

ಇವತ್ತು ಕೊನೆಯ ಅವಕಾಶ. ನೆಟ್ಟಗೆ ಇಳಿಸಿದರೆ ಕ್ಯಾಪ್ಟನ್ ಕೆಳಗಿಳಿದು ಅವರೊಬ್ಬರನ್ನೇ ಹಾರಲು ಬಿಡುತ್ತಾರೆ. ಇಲ್ಲದಿದ್ದರೆ ಪಾಠಕ್ಕೆ ಮಂಗಳ.

ಪಕ್ಕದ ಸಲೂನಿನವನು ಈ ಸುದ್ದಿಯನ್ನು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತವರಿಗೆಲ್ಲ ಹಂಚಿದ್ದ. ಹಾಗಾಗಿ ಮೈದಾನದ ಬೇಲಿಯಾಚೆ ಇಡೀ ಬೀದಿಯೇ ನೆರೆದಿತ್ತು. ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬನೂ ಇದ್ದ. ಸಲೂನಿನವನು, ಮಾಸ್ತರರು ಇದೇ ವಾರ ಹೊಲಿದುಕೊಟ್ಟ ಹೊಸ ಪ್ಯಾಂಟು ತೊಟ್ಟು ಸೈಕಲ್ಲಿಗೆ ಒರಗಿ ನಿಂತಿದ್ದ.

"ಮಾಸ್ಟ್ರೇ, ಹೆದರ್ಬೇಡಿ! ಬಿದ್ರೆ ಹುಲ್ಲಿದೆ!"

ಕ್ಯಾಪ್ಟನ್ ಕೂಡ ಹೊಸ ಪ್ಯಾಂಟಿನಲ್ಲೇ ಬಂದಿದ್ದರು. "ಗಾಳಿ ಎಡಗಡೆಯಿಂದ ಬೀಸ್ತಿದೆ. ಮೂತಿ ಗಾಳಿಗೆ ಕೊಟ್ಟು ಏಡಿ ಹಾಗೆ ಓರೆಯಾಗಿ ಬನ್ನಿ. ಚಕ್ರ ನೆಲ ಮುಟ್ಟೋ ಮುಂಚೆ ಬಲಗಾಲಲ್ಲಿ ಪೆಡಲ್ ಒತ್ತಿ ನೆಟ್ಟಗೆ ಮಾಡಿ. ನಾನು ಕಾಲೂ ಹಾಕಲ್ಲ, ಕೈಯೂ ಹಾಕಲ್ಲ."

ಮೊದಲ ಸಲ ಮಾಸ್ತರರು ಹಳೆಯ ಚಾಳಿಯಂತೆ ಮಿಷನ್ ತುಳಿದ ಹಾಗೆ ಎರಡೂ ಕಾಲು ಆಡಿಸಿದರು. ವಿಮಾನ ಬಾತುಕೋಳಿಯಂತೆ ಸೊಂಟ ತಿರುಗಿಸುತ್ತ ಇಳಿಯಿತು. ಎರಡನೆಯ ಸಲ ಗೆರೆಯನ್ನೇ ದುರುಗುಟ್ಟಿ ನೋಡಿದರು. ವಿಮಾನ ಎಡಕ್ಕೆ ಹೊರಳಿ ಹುಲ್ಲಿಗೆ ನುಗ್ಗಿತು. ಬೇಲಿಯ ಬಳಿಯಿದ್ದವರು ಚೆಲ್ಲಾಪಿಲ್ಲಿಯಾದರು.

"ಇನ್ನೊಂದೇ ಸಲ," ಎಂದರು ಕ್ಯಾಪ್ಟನ್.

ಮೂರನೆಯ ಸಲ ಮಾಸ್ತರರು ಕಣ್ಣನ್ನು ರನ್‌ವೇಯ ಆ ತುದಿಗೆ ನೆಟ್ಟರು. ಅಲ್ಲಿ ಅವರಿಗೆ ಕಂಡದ್ದು ತಮ್ಮ ಬೀದಿಯ ದೀಪದ ಕಂಬವೇ. ವಿಮಾನ ಓರೆಯಾಗಿ ತೇಲಿ ಬಂತು. ಬಲಗಾಲು ತಾನಾಗಿಯೇ ಹಿತವಾಗಿ ಒತ್ತಿತು. ಮೂತಿ ನೆಟ್ಟಗಾಯಿತು, ಚಕ್ರ ಮುಟ್ಟಿತು, ಬಿಳಿ ಗೆರೆ ವಿಮಾನದ ಹೊಟ್ಟೆಯಡಿ ಜಾರುತ್ತ ಹೋಯಿತು. ಗೆರೆಯ ಈಚೆಗಿಲ್ಲ, ಆಚೆಗಿಲ್ಲ.

ಬೇಲಿಯಾಚೆ ಸಿಳ್ಳೆಯೋ ಸಿಳ್ಳೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಭೇಷ್!" ಎಂಜಿನ್ ನಿಲ್ಲಿಸಿ ಕ್ಯಾಪ್ಟನ್ ಬೆನ್ನು ತಟ್ಟಿದರು. "ನಾನಿಳೀತೀನಿ. ಇನ್ನು ವಿಮಾನ ನಿಮ್ಮದು."

ಬಾಗಿಲು ತೆರೆದು, ಒಂದು ಕಾಲನ್ನು ಅಗಲಿಸಿ ರೆಕ್ಕೆಯ ಮೇಲಿಟ್ಟರು.

ಪರ್ರ್...

ಕ್ಯಾಪ್ಟನ್ ಕಾಲನ್ನು ನಿಧಾನವಾಗಿ ಒಳಗೆಳೆದುಕೊಂಡು ಕೂತರು. ಇಬ್ಬರೂ ಬಗ್ಗಿ ನೋಡಿದರು. ಹೊಲಿಗೆ ಸ್ವಲ್ಪ ದೂರ ನೆಟ್ಟಗೆ ಬಂದು, ಆಮೇಲೆ ಎಡಕ್ಕೆ ಹೊರಳಿ, ಬಟ್ಟೆಯ ಅಂಚು ದಾಟಿ ಹೊರಗೇ ಹೋಗಿಬಿಟ್ಟಿತ್ತು.

"ನಾನಿಳಿಯಲ್ಲ," ಎಂದರು ಕ್ಯಾಪ್ಟನ್.

"ನೀವು ಇಳೀದೆ ನಾನೊಬ್ನೇ ಹಾರೋದು ಹೇಗೆ ಸಾರ್?"

"ಇಳಿದ್ರೆ ನಾನು ತಲೆ ಎತ್ತಿಕೊಂಡು ತಿರುಗೋದು ಹೇಗೆ ಮಾಸ್ತರೇ? ವಿಮಾನಾನ ನೇರ ಶೆಡ್ಡಿನೊಳಕ್ಕೆ ಬಿಡಿ. ನೆಟ್ಟಗೆ ಹೊಲಿಯೋದು ಮತ್ತೆ ಬರಲಿ, ಆಮೇಲೆ ಒಬ್ಬರೇ ಹಾರುವಿರಂತೆ."

ದೂರದಲ್ಲಿದ್ದವರಿಗೆ ಕಂಡದ್ದು ಇಷ್ಟೇ: ಕ್ಯಾಪ್ಟನ್ ಇಳಿಯಲು ಕಾಲಿಟ್ಟರು, ಮನಸ್ಸು ಬದಲಾಯಿಸಿ ಮತ್ತೆ ಕೂತರು. ಸಿಳ್ಳೆ ನಿಂತಿತು.

ಮಾಸ್ತರರು ತಲೆ ತಗ್ಗಿಸಿ ಬೇಲಿಯ ಬಳಿಗೆ ಬಂದಾಗ ಎಲ್ಲರೂ ಮುತ್ತಿಕೊಂಡರು.

"ಏನಾಯ್ತು ಮಾಸ್ಟ್ರೇ? ಅಷ್ಟು ಚೆನ್ನಾಗಿ ಇಳಿಸಿದ್ರಲ್ಲ!"

ಮಾಸ್ತರರು ಸುತ್ತ ನೋಡಿದರು. ನಿಂತಿದ್ದವರೆಲ್ಲ ಅವರ ಗಿರಾಕಿಗಳೇ. ನಿಜ ಹೇಳಿದರೆ ಅಂಗಡಿಗೆ ಬೀಗ.

"ನಾನೇ ಬೇಡ ಅಂದೆ," ಎಂದರು ಮೆಲ್ಲಗೆ. "ಒಬ್ಬನೇ ಹಾರೋಕೆ ಭಯವಾಯ್ತು."

ಹೆಂಡತಿ ಅವರ ಮುಖವನ್ನೊಮ್ಮೆ, ಶೆಡ್ಡಿನ ಬಾಗಿಲಿನಿಂದ ಸೊಂಟಕ್ಕೆ ನಕ್ಷೆ ಸುತ್ತಿಕೊಂಡು ಇಣುಕುತ್ತಿದ್ದ ಕ್ಯಾಪ್ಟನ್‌ರನ್ನೊಮ್ಮೆ ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು.

"ಅಯ್ಯೋ, ಹೋಗ್ಲಿ ಬಿಡಿ," ಎಂದು ಸಲೂನಿನವನು ಮಾಸ್ತರರ ಹೆಗಲ ಮೇಲೆ ಕೈ ಹಾಕಿದ. "ಹಾರಾಟ ಹೋದ್ರೆ ಹೋಯ್ತು. ಕೈಯಲ್ಲಿ ಹೊಲಿಗೆ ಗಟ್ಟಿಯಾಗಿದೆಯಲ್ಲ, ಅಷ್ಟು ಸಾಕು!"

ಹಾಗೆಂದವನೇ ಸೈಕಲ್ಲು ಹತ್ತಲು ಕಾಲನ್ನು ಎತ್ತರಕ್ಕೆ ಎತ್ತಿದ.

ಮಾಸ್ತರರು ಕಣ್ಣು ಮುಚ್ಚಿಕೊಂಡರು.