ಬಸ್ಸಿನೊಳಗೆ ತಂಡ ಕಟ್ಟುವುದು ಹಾಗೂ ಕಪ್ ಗೆಲ್ಲುವುದನ್ನು ನಿಯಂತ್ರಿಸುವ ಬಗ್ಗೆ

ಸಂಖ್ಯೆ: ಸಂಚಾರ/ವಾದ/ಬುಟ್ಟಿ-ಚೆಂಡು/03/2025-26
ಸ್ಥಳ: ವಿಜಯಪುರ

ಸುತ್ತೋಲೆ

ವಿಷಯ: ತಿಕೋಟಾ–ವಿಜಯಪುರ ಬಸ್ಸು ಬಬಲೇಶ್ವರಕ್ಕೆ ಹೋದ ಕುರಿತು.

ಉಲ್ಲೇಖ: 1. ನಿರ್ವಾಹಕಿ ಶ್ರೀಮತಿ ಮಹಾನಂದಾ ಅವರ ಲಿಖಿತ ಹೇಳಿಕೆ (ಒಂಬತ್ತು ಪುಟ; ಪೈಕಿ ಏಳು ಪುಟ ಬಾಸ್ಕೆಟ್‌ಬಾಲ್).
2. ಚಾಲಕ ಶ್ರೀ ಮುರ್ತುಜಾಸಾಬ ಅವರ ಹೇಳಿಕೆ (ಒಂದು ಸಾಲು).

ನಡೆದದ್ದನ್ನು ಅರಿಯದೆ ನಿಯಮಗಳು ಅರ್ಥವಾಗವೆಂದು ಇಲಾಖೆಗೆ ಮನವರಿಕೆಯಾಗಿರುವುದರಿಂದ, ಮೊದಲು ನಡೆದದ್ದನ್ನು ಸಿಬ್ಬಂದಿಯ ಅವಗಾಹನೆಗೆ ತರಲಾಗಿದೆ.

ಶ್ರೀಮತಿ ಮಹಾನಂದಾ ಅವರು ಹದಿನಾಲ್ಕು ವರ್ಷದ ಸೇವೆಯಲ್ಲಿ ಒಂದೇ ಒಂದು ದೂರಿಗೂ ಗುರಿಯಾದವರಲ್ಲ. ಆದರೆ ಅವರು ತಿಕೋಟಾದ ‘ಗೊಂಚಲು’ ಬಾಸ್ಕೆಟ್‌ಬಾಲ್ ತಂಡದ ಅಭಿಮಾನಿಯೆಂಬ ಸಂಗತಿ ಸೇವಾ ಪುಸ್ತಕದಲ್ಲಿ ನಮೂದಾಗಿರಲಿಲ್ಲ. ಸದರಿ ತಂಡವು ಹತ್ತೊಂಬತ್ತು ವರ್ಷಗಳಿಂದ ಕಪ್ ಕಂಡಿಲ್ಲ. ಈ ಸಲ ಹೇಗೋ ಸೆಮಿಫೈನಲ್ ತಲುಪಿತ್ತು. ನಾಲ್ಕು ಗಂಟೆಗೆ ವಿಜಯಪುರದಲ್ಲಿ ಆಟ. ಹುಡುಗರೆಲ್ಲ ಬೆಳಗಿನ ಬಸ್ಸಿಗೆ ಹೋಗಿದ್ದರು. ನಲವತ್ತೊಂದು ವರ್ಷದ ನಾಯಕ ಶ್ರೀ ಪರಸಪ್ಪ ಮಾತ್ರ ಒಣದ್ರಾಕ್ಷಿ ಆರಿಸುವ ಶೆಡ್ಡಿನ ಕೆಲಸ ಮುಗಿಸಿ ಎರಡೂವರೆಯ ಬಸ್ಸು ಹತ್ತಿ, 23ನೇ ಆಸನದಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

ಬಸ್ಸು ಹೊರಟ ಎರಡನೇ ನಿಮಿಷಕ್ಕೆ, ದ್ರಾಕ್ಷಿ ತೋಟದ ಶ್ರೀ ತುಕಾರಾಮ ಎಂಬ ಪ್ರಯಾಣಿಕರು ಯಾರೂ ಕೇಳದೆಯೇ ಅಭಿಪ್ರಾಯ ಮಂಡಿಸಿದರು: “ಸವರಿ ಚಾಟ್ನಿ ಮಾಡದ ಬಳ್ಳಿ ಚಿಗೀತೈತೇನ್ರಿ? ಹಳೀ ಕಡ್ಡಿ ಕತ್ತರಿಸಿ ಒಗೀರಿ. ಎರಡ ವರ್ಷ ಸೋಲ್ರಿ, ಹೊಸಾ ತಂಡ ಕಟ್ರಿ.”

ಇದಕ್ಕೆ ಹಿರಿಯ ನಾಗರಿಕರ ಆಸನದಿಂದ ಸಕ್ರವ್ವ ಎಂಬುವರು ಎದ್ದು ನಿಂತು, “ಮುಂದ ಬರೂ ಗೊನಿ ಸಲುವಾಗಿ ಕೈಯಾಗಿನ ಗೊನಿ ಕಡದ ಒಗೀತಾರೇನೋ ತುಕಾರಾಮ? ನನಗ ಎಪ್ಪತ್ತಾರ ಆಗ್ಯಾವ. ನಾ ಕಪ್ಪ ನೋಡೂದ ಯಾವಾಗ?” ಎಂದು ಕೇಳಿದರು. ಇಡೀ ಬಸ್ಸು ಎರಡು ಪಾಲಾಯಿತು. ಮಹಾನಂದಾ ಅವರು ಟಿಕೆಟ್ ಯಂತ್ರ ಕಂಕುಳಲ್ಲಿ ಅವುಚಿಕೊಂಡು ಮೊದಲಿಗೆ ತಟಸ್ಥರಾಗಿಯೇ ಇದ್ದರೆಂದು ಸಾಕ್ಷಿಗಳು ತಿಳಿಸಿರುತ್ತಾರೆ.

ಆಗ ತುಕಾರಾಮ ಅವರು 23ನೇ ಆಸನದತ್ತ ಬೆರಳು ಮಾಡಿ, “ಈ ಪರಸಪ್ಪನ ಮೊಣಕಾಲ ನಮ್ಮ ಮನಿ ತಲಬಾಗ್ಲಕ್ಕಿಂತ ಜೋರ ಕಿರ್ರ್ ಅಂತಾವ!” ಎಂದುಬಿಟ್ಟರು. ಬಸ್ಸು ನಕ್ಕಿತು. ಪರಸಪ್ಪನವರು ಕಿಟಕಿಯ ಆಚೆ ನೋಡಿದರು. ಅದನ್ನು ಕಂಡ ಮಹಾನಂದಾ ಅವರು, ತಾವು ಏನು ಮಾಡುತ್ತಿದ್ದೇವೆಂದು ತಿಳಿಯುವ ಮೊದಲೇ ತುಕಾರಾಮ ಅವರ ಮುಖಕ್ಕೆ ಹಿಡಿದು ಮೂರು ಸಲ ಸೀಟಿ ಊದಿ, “ಫೌಲ್!” ಎಂದು ಘೋಷಿಸಿರುತ್ತಾರೆ.

ಬಸ್ಸು ಆ ಕ್ಷಣಕ್ಕೆ ಬಬಲೇಶ್ವರದ ಕವಲುದಾರಿಯಲ್ಲಿತ್ತು. ಚಾಲಕರ ಹೇಳಿಕೆಯನ್ನು ಯಥಾವತ್ತಾಗಿ ಉದ್ಧರಿಸಲಾಗಿದೆ: “ಒಂದ ಸೀಟಿಗೆ ನಿಂದ್ರತೇನಿ, ಎರಡಕ್ಕ ಹೊಂಡತೇನಿ, ಮೂರ ಊದಿದ್ರ ಏನ್ ಮಾಡ್ಬೇಕಂತ ಯಾರೂ ಹೇಳಿಲ್ರಿ, ಅದಕ್ಕ ಹೊಳ್ಳಿಸಿದೆ.”

ವಾದದ ಭರದಲ್ಲಿದ್ದ ಐವತ್ತೆರಡು ಪ್ರಯಾಣಿಕರ ಪೈಕಿ ಒಬ್ಬರೂ ದಾರಿ ತಪ್ಪಿದ್ದನ್ನು ಗಮನಿಸಲಿಲ್ಲ. ಬಬಲೇಶ್ವರದ ಸಂತೆಯಲ್ಲಿ ಮೆಣಸಿನಕಾಯಿ ರಾಶಿಗಳ ನಡುವೆ ಬಸ್ಸು ಸಿಕ್ಕಿಕೊಂಡಾಗಲೇ ಎಲ್ಲರ ಬಾಯಿ ನಿಂತಿದ್ದು. ಗಂಟೆ ಮೂರೂವರೆ. ಮಹಾನಂದಾ ಅವರು ಪರಸಪ್ಪನವರ ಚೀಲ ತಾವೇ ಹೊತ್ತು, ಸಂತೆಯಲ್ಲಿ ಓಡಿ, ತುಂಬಿ ಹೊರಟಿದ್ದ ಜೀಪಿನ ಹಿಂದಿನ ಮೆಟ್ಟಿಲ ಮೇಲೆ ಅವರನ್ನು ನಿಲ್ಲಿಸಿ, “ಯಪ್ಪಾ, ನನ್ನಿಂದ ನಿಮ್ಮ ಆಟ ಹೋತು,” ಎಂದು ಕಣ್ಣೀರು ಹಾಕಿರುತ್ತಾರೆ. ಅದಕ್ಕೆ ಪರಸಪ್ಪನವರು ಜೀಪಿನ ಸರಳು ಹಿಡಿದುಕೊಂಡು, “ಅಕ್ಕಾರ, ನೀವು ಊದಿದ್ದು ಖರೇನ ಐತಿ. ಅದು ಫೌಲೇ,” ಎಂದರೆಂದು ಕಡತದಲ್ಲಿದೆ.

ಪರಸಪ್ಪನವರು ತಲುಪಿದಾಗ ಕೊನೆಯ ಹತ್ತು ನಿಮಿಷ ಉಳಿದಿತ್ತು; ಹುಡುಗರು ಮೂವತ್ತೊಂದು ಅಂಕ ಹಿಂದಿದ್ದರು. ಅವರು ನಾಲ್ಕು ನಿಮಿಷ ಆಡಿದರು. ತಾವೇ ಬುಟ್ಟಿಗೆ ಹಾಕಬಹುದಾಗಿದ್ದ ಚೆಂಡನ್ನು ಮೂರು ಸಲವೂ ಸಮ್ಯಕ್ ಎಂಬ ಹತ್ತೊಂಬತ್ತರ ಆಟಗಾರನ ಕೈಗೆ ಕೊಟ್ಟರು. ಎರಡು ತಪ್ಪಿತು, ಒಂದು ಬಿತ್ತು. ಅದು ಬಿದ್ದ ಕೂಡಲೇ ಯಾರೂ ಕರೆಯದೆ ತಾವಾಗಿಯೇ ಹೊರಬಂದು ಬೆಂಚಿನ ಮೇಲೆ ಕುಳಿತು, ಗಂಟಲು ಹರಿಯುವಂತೆ ಹುಡುಗರಿಗೆ ಕೂಗಿ ಹೇಳತೊಡಗಿದರು. ತಂಡ ಇಪ್ಪತ್ತೊಂಬತ್ತು ಅಂಕದಿಂದ ಸೋತಿತು. ಬಸ್ಸಿನ ಎರಡೂ ಪಕ್ಷದವರು ತಮ್ಮ ಮಾತೇ ನಿಜವಾಯಿತೆಂದು ಪಟಾಕಿ ಹಚ್ಚಿರುತ್ತಾರೆ.

ವಿಚಾರಣೆಯಲ್ಲಿ ಮಹಾನಂದಾ ಅವರನ್ನು ಯಾವ ಪಕ್ಷವೆಂದು ಕೇಳಲಾಗಿ, “ಸಾಹೇಬ್ರ, ಸಕ್ರವ್ವಗ ಕಪ್ಪೂ ಬೇಕ್ರಿ, ಸಮ್ಯಕಗ ಚೆಂಡೂ ಬೇಕ್ರಿ. ನನಗ ಎರಡೂ ಬೇಕ್ರಿ,” ಎಂದು ಉತ್ತರಿಸಿರುತ್ತಾರೆ. ಈ ಉತ್ತರದ ಮೇಲೆ ವಿಚಾರಣಾಧಿಕಾರಿಗೂ ಬೆರಳಚ್ಚುಗಾರರಿಗೂ ಮಾತು ಬೆಳೆದು ವಿಚಾರಣೆಯನ್ನು ಮೂರು ಬಾರಿ ಮುಂದೂಡಲಾಯಿತು. ಕೊನೆಗೆ ನಿರ್ವಾಹಕಿಯವರ ಸೀಟಿಯನ್ನು ಎಂಟು ದಿನ ಅಮಾನತ್ತಿನಲ್ಲಿಡಲಾಗಿದ್ದು, ಆ ಅವಧಿಯಲ್ಲಿ ಅವರು ಚಪ್ಪಾಳೆಯಿಂದ ಬಸ್ಸು ನಡೆಸಿರುತ್ತಾರೆ. ಪ್ರಯಾಣಿಕರೂ ಜೊತೆಗೆ ಚಪ್ಪಾಳೆ ಹೊಡೆದದ್ದರಿಂದ ಬಸ್ಸು ಎಲ್ಲಿಯೂ ನಿಲ್ಲದೆ ಸಮಯಕ್ಕೆ ಮುಂಚೆ ತಲುಪಿದ್ದನ್ನು ಶ್ಲಾಘಿಸಲಾಗಿದೆ.

ಆದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:

1. ಮೂರು ಸೀಟಿ ಎಂದರೆ ಫೌಲ್. ಫೌಲ್ ಆದಾಗ ಬಸ್ಸು ನಿಲ್ಲತಕ್ಕದ್ದಲ್ಲ, ಹೊರಡತಕ್ಕದ್ದೂ ಅಲ್ಲ.

2. ಹೊಸ ತಂಡ ಕಟ್ಟಬೇಕೆನ್ನುವವರು ಎಡಗಡೆ, ಈ ವರ್ಷವೇ ಕಪ್ ಬೇಕೆನ್ನುವವರು ಬಲಗಡೆ ಕೂಡ್ರತಕ್ಕದ್ದು. ಒಂದು ಕಡೆ ಭಾರ ಹೆಚ್ಚಾಗಿ ಬಸ್ಸು ವಾಲಿದಲ್ಲಿ, ನಿರ್ವಾಹಕರು ಅಗತ್ಯವಿರುವಷ್ಟು ಪ್ರಯಾಣಿಕರ ಅಭಿಪ್ರಾಯವನ್ನು ಮುಂದಿನ ನಿಲ್ದಾಣದವರೆಗೆ ಬದಲಾಯಿಸತಕ್ಕದ್ದು.

3. ನಡುದಾರಿಯಲ್ಲಿ ಮನಸ್ಸು ಬದಲಾದವರು ಇಳಿದು ಮತ್ತೆ ಹತ್ತತಕ್ಕದ್ದು.

4. ಮೊಣಕಾಲಿನ ಮಾಲೀಕರ ಸಮಕ್ಷಮ ಮೊಣಕಾಲಿನ ಚರ್ಚೆ ಸಲ್ಲದು.

5. ದ್ರಾಕ್ಷಿಯ ಹೋಲಿಕೆ ತಲಾ ಒಂದಕ್ಕೆ ಸೀಮಿತ. ಒಣದ್ರಾಕ್ಷಿಯು ಮುದಿಯಾದ ದ್ರಾಕ್ಷಿಯೋ ಅಥವಾ ಹೊಸದೇ ಪದಾರ್ಥವೋ ಎಂಬ ಪ್ರಶ್ನೆಯನ್ನು ಕಾನೂನು ಶಾಖೆಗೆ ಕಳುಹಿಸಲಾಗಿದ್ದು, ಉತ್ತರ ಬರುವವರೆಗೆ ಯಾರೂ ಅದನ್ನು ಉದಾಹರಿಸತಕ್ಕದ್ದಲ್ಲ.

6. ಶ್ರೀ ಪರಸಪ್ಪನವರು ತಾವಾಗಿಯೇ ಬೆಂಚಿಗೆ ಹೋದದ್ದು ತಂಡ ಕಟ್ಟುವುದೋ ಕಪ್ಪಿಗೆ ಹೋರಾಡುವುದೋ ಎಂಬುದು ಇತ್ಯರ್ಥವಾಗದ ಕಾರಣ, ಅದನ್ನು ‘ಇತರೆ’ ಎಂದು ದಾಖಲಿಸತಕ್ಕದ್ದು.

(ಸಹಿ)
ಸಂಚಾರ ಹಾಗೂ ವಾದ ನಿಯಂತ್ರಣಾಧಿಕಾರಿ (ಪ್ರಭಾರ)

ಪ್ರತಿಗಳು:
1. ಶ್ರೀಮತಿ ಮಹಾನಂದಾ, ನಿರ್ವಾಹಕಿ, ಸೀಟಿ ಸಹಿತ.
2. ಶ್ರೀ ಮುರ್ತುಜಾಸಾಬ, ಚಾಲಕ, ಎರಡಕ್ಕಿಂತ ಹೆಚ್ಚು ಎಣಿಸದಿರುವಂತೆ ಸೂಚಿಸಿ.
3. ಶ್ರೀ ತುಕಾರಾಮ, ಎಡಗಡೆ.
4. ಶ್ರೀಮತಿ ಸಕ್ರವ್ವ, ಬಲಗಡೆ, ಕಿಟಕಿಯ ಪಕ್ಕ.
5. ಘಟಕದ ಸೂಚನಾ ಫಲಕಕ್ಕೆ. ಸದರಿ ಫಲಕಕ್ಕೆ ಶ್ರೀ ಪರಸಪ್ಪನವರು ಬುಟ್ಟಿಗೆಂದು ಕಬ್ಬಿಣದ ಬಳೆ ಜಡಿದು, ಊರ ಮಕ್ಕಳಿಗೆ ಆಟ ಕಲಿಸಲು ಗೋಡೆಯ ಮೇಲೆ ಹತ್ತು ಅಡಿ ಎತ್ತರಕ್ಕೆ ಏರಿಸಿರುವುದರಿಂದ, ಸಿಬ್ಬಂದಿಯು ಈ ಸುತ್ತೋಲೆಯನ್ನು ಜಿಗಿದು ಓದತಕ್ಕದ್ದು.