ಪಾಯಖಾನೆಗೆ ವಿರೋಧ ಪಕ್ಷ

ನ್ಯಾಮತಿ ಹತ್ತಿರದ ನಮ್ಮೂರಿಗೆ ಏನಾದರೂ ಒಳ್ಳೆಯದು ಬರುತ್ತದೆ ಅಂದರೆ ಸಾಕು, ಬೇಡ ಅನ್ನುವವರು ಎಲ್ಲಿಂದಲಾದರೂ ಹುಟ್ಟಿಕೊಳ್ಳುತ್ತಾರೆ. ಒಂದು ಸಲ ಮಾತ್ರ ಯಾರೂ ಹುಟ್ಟಲಿಲ್ಲ. ಸರ್ಕಾರವೇ ಬಂದು ಹುಟ್ಟಿಸಿತು.

ಟೇಪ್ ರೆಕಾರ್ಡರ್ ಬಂತು

ಎಂಬತ್ತೆರಡೋ ಮೂರೋ ಇರಬೇಕು. ಎರಡನೆಯದಕ್ಕೆ ನಾನು ಐದು ತಿಂಗಳ ಬಸುರಿ. ತೋರಿಸಲು ಹೊನ್ನಾಳಿಗೆ ಹೋಗಬೇಕು. ಡಾಕ್ಟರು "ನೀರು ಜಾಸ್ತಿ ಕುಡೀರಿ" ಅನ್ನುತ್ತಿದ್ದರು. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಪಾಯಖಾನೆ ಇಲ್ಲ, ಬಸ್ಸಿಗೆ ಹೊತ್ತುಗೊತ್ತಿಲ್ಲ. ಹಾಗಾಗಿ ಹೋಗುವ ದಿನ ಬೆಳಗ್ಗೆಯಿಂದ ಒಂದು ಗುಟುಕೂ ಕುಡಿಯುತ್ತಿರಲಿಲ್ಲ.

ಅಂಥದ್ದೊಂದು ದಿನ ಬಸ್ಸಿಗೆ ಕಾಯುತ್ತಿದ್ದಾಗ ರೇಡಿಯೋದವನೊಬ್ಬ ಟೇಪ್ ರೆಕಾರ್ಡರ್ ಹೊತ್ತು ಬಂದು, ಊರಿನ ಕುಂದುಕೊರತೆ ಹೇಳಿ ಅಂದ. ಪಾಯಖಾನೆಯದ್ದೇ ಹೇಳಿದೆ, ಹತ್ತು ನಿಮಿಷ. ಅವನು ಬೆವರು ಒರೆಸಿಕೊಂಡ.

"ಚೆನ್ನಾಗಿ ಹೇಳಿದಿರಿ. ಇನ್ನು ಇದಕ್ಕೆ ವಿರೋಧ ಅಭಿಪ್ರಾಯ ಬೇಕು. ಎರಡೂ ಕಡೆ ಸಮ ಇರಬೇಕು ಅಂತ ಸರ್ಕಾರದ ನಿಯಮ."

"ವಿರೋಧ ಯಾವುದಕ್ಕೆ ರೀ? ಕಟ್ಟಾಕೋ, ಹೋಗಾಕೋ?"

ವಿರೋಧಿ ಬೇಕಾಗಿದ್ದಾರೆ

ಮೊದಲು ಬಸ್ ಸ್ಟ್ಯಾಂಡಿನ ಹೋಟೆಲಿನವನನ್ನು ಹಿಡಿದ.

"ಪಾಯಖಾನೆ ಕಟ್ಟಿದ್ರೆ ಹೋಟ್ಲಿಗೆ ನಾತ ಬರ್ತೈತೆ ಅಂತ ಹೇಳ್ಲಾ?"

"ಹೇಳಿ, ಹೇಳಿ."

"ಈಗ್ಲೂ ಗೋಡೆ ಕಡೆಯಿಂದ ಗಂಡಸರದು ಬರ್ತೈತಲ್ರೀ, ಅದನ್ನೂ ಹೇಳ್ಲಾ?"

ರೇಡಿಯೋದವನು ಗುಂಡಿ ಒತ್ತಿ ನಿಲ್ಲಿಸಿದ. ಚನ್ನಗಿರಿಗೆ ಹೊರಟಿದ್ದ ಅಡಿಕೆ ವ್ಯಾಪಾರಿಯೊಬ್ಬ, "ಹೆಂಗಸರ ಶಾಪ ನಮಗ್ಯಾಕ್ರೀ" ಅಂತ ಓಡಿಹೋಗಿ ಬಸ್ಸು ಹತ್ತಿದ. ಅಷ್ಟರಲ್ಲಿ ನನ್ನ ಗಂಡ ಬಂದರು. ಸಂತೆಯಲ್ಲಿ ಬಟ್ಟೆ ಮಾರುವವರು.

"ರೇಡಿಯೋದಾಗೆ ನನ್ನ ದನಿ ಬರ್ತೈತಾ?"

"ಬರುತ್ತೆ."

"ಹಂಗಾದ್ರೆ ಹಿಡ್ಕೊಳ್ರಿ, ನಂದು ವಿರೋಧ ಐತೆ."

ಮದುವೆಯಾಗಿ ಐದು ವರ್ಷದಲ್ಲಿ ಅವರಿಗೊಂದು ಅಭಿಪ್ರಾಯ ಇದೆ ಅಂತ ಗೊತ್ತಾದದ್ದು ಅವತ್ತೇ.

ಸಮಸಮ

ತಿಂಗಳ ಮೇಲೆ ಕಾರ್ಯಕ್ರಮ ಬಂತು. ಓಣಿಯೆಲ್ಲ ನಮ್ಮ ಮನೆ ರೇಡಿಯೋ ಮುಂದೆ ಕೂತಿತ್ತು. ಗಂಡ ಹೇಳಿದ್ದು ಒಂದೇ ಮಾತು: "ಹೆಂಗಸರು ಮನೆಯಾಗೇ ಮುಗಿಸ್ಕೊಂಡು ಬರ್ಬೇಕು." ಅದಕ್ಕೆ ಸಮ ಮಾಡಲು ನನ್ನ ಹತ್ತು ನಿಮಿಷವನ್ನೂ ಅಷ್ಟಕ್ಕೇ ಕತ್ತರಿಸಿದ್ದರು.

"ಗಂಡಸರಿಗಾದ್ರೆ ಗೋಡೆ ಐತೆ, ನಮಗೆ..." ಅಂತು ರೇಡಿಯೋದಲ್ಲಿ ನನ್ನ ದನಿ. ಅಲ್ಲಿಗೇ ಕಾರ್ಯಕ್ರಮ ಮುಗಿಸುವ ಕೊಳಲು ಶುರುವಾಯಿತು.

ಇಬ್ಬರಿಗೂ ನ್ಯಾಯ

ಪಂಚಾಯ್ತಿಯವರೂ ರೇಡಿಯೋ ಕೇಳಿದ್ದರು. ಅಪರೂಪಕ್ಕೆ ಬೇಗ, ಮೂರೇ ತಿಂಗಳಲ್ಲಿ ಪಾಯಖಾನೆ ಎದ್ದಿತು. ನನಗಾಗ ಒಂಬತ್ತು ತಿಂಗಳು. ಧೈರ್ಯವಾಗಿ ಎರಡು ಚೊಂಬು ನೀರು ಕುಡಿದು ಬಸ್ ಸ್ಟ್ಯಾಂಡಿಗೆ ಹೋದೆ. ನೋಡಿದರೆ ಬಾಗಿಲಿಗೆ ಇಷ್ಟು ದೊಡ್ಡ ಬೀಗ. ಹೊಟ್ಟೆ ಹಿಡಿದುಕೊಂಡು ಪಕ್ಕದ ಪಂಚಾಯ್ತಿ ಆಫೀಸಿಗೆ ಓಡಿದೆ.

"ಬೀಗ ಯಾಕ್ರೀ ಹಾಕೀರಿ?"

"ಎರಡೂ ಕಡೆಗೆ ನ್ಯಾಯ ಆಗ್ಬೇಕಲ್ಲಮ್ಮ," ಅಂದ ಗುಮಾಸ್ತ. "ಬೇಕು ಅಂದೋರಿಗೆ ಪಾಯಖಾನೆ ಕಟ್ಟೀವಿ. ಬ್ಯಾಡ ಅಂದೋರಿಗೆ ಬೀಗ ಹಾಕೀವಿ."

"ಬೀಗದ ಕೈ ಎಲ್ಲೈತೆ?"

"ವಿರೋಧ ಮಾಡಿದೋರ ಹತ್ರ."

ವಿರೋಧ ಪಕ್ಷ ನನ್ನ ಕೈಯಲ್ಲೇ ಬುತ್ತಿ ಕಟ್ಟಿಸಿಕೊಂಡು, ಮೊದಲನೇ ಬಸ್ಸಿಗೆ ಜಗಳೂರು ಸಂತೆಗೆ ಹೋಗಿತ್ತು.